ಆರು ಡಜನ್ ಬಳೆ, ಒಂದು ಚೀಲ ಮಂಡಕ್ಕಿ, ಗಿರಿಯ ಕಾಫಿ

ಮೊದಲ ದಿನ

ಸಂಕ್ರಾಂತಿ ಕಳೆದ ವಾರ ಅಕ್ಕನ ಫೋನು ಬಂತು. ತೋಟದ ಮೇಲಿನ ಬ್ಲಾಕಿನ ಕಾಫಿ ಹಣ್ಣು ಈಗ ಮಾಗುತ್ತಿದೆ, ಈ ಸಲವಾದರೂ ಅಪ್ಪಾಜಿಯನ್ನು ಕರೆದುಕೊಂಡು ಬಾ ಅಂದಳು. ಬರುವಾಗ ಆರು ಡಜನ್ ಗಾಜಿನ ಬಳೆ ತರಬೇಕಂತೆ. ಕಡುಗೆಂಪೇ ಆಗಬೇಕು, ಕುಂಕುಮದ ಕೆಂಪು ಬೇಡ, ದೊಡ್ಡ ಅಳತೆಯವೇ ಇರಲಿ. ಯಾಕೆ ಎಂದರೆ "ಬಾ, ತೋರಿಸ್ತೀನಿ" ಅಂದು ಫೋನಿಟ್ಟಳು.

ದಾವಣಗೆರೆಯಲ್ಲಿ ನಮ್ಮದು ಮಂಡಕ್ಕಿ ಭಟ್ಟಿ. ಅಪ್ಪಾಜಿ ನಲವತ್ತು ವರ್ಷದಿಂದ ಆ ಬಿಸಿ ಮರಳಿನ ಮುಂದೆಯೇ ಇದ್ದಾರೆ. ಮಗಳನ್ನು ಗಿರಿಯ ತೋಟದ ಮನೆಗೆ ಕೊಟ್ಟು ಹದಿನಾರು ವರ್ಷವಾದರೂ ಒಂದು ರಾತ್ರಿಗಿಂತ ಹೆಚ್ಚು ಅಲ್ಲಿ ಉಳಿದವರಲ್ಲ. "ಭಟ್ಟಿ ಆರಿದ್ರೆ ಮತ್ತ ಕಾಯಿಸಾಕ ಅರ್ಧ ದಿನ ಬೇಕು" ಅನ್ನುವುದು ಅವರ ಕಾರಣ. ಈ ಸಲ ಯಾಕೋ ಒಪ್ಪಿದರು. ಮಗಳ ಮನೆಗೆ ಬರಿಗೈಲಿ ಹೋಗಬಾರದೆಂದು ಒಂದು ದೊಡ್ಡ ಚೀಲ ಮಂಡಕ್ಕಿ, ಅದರ ಮೇಲೆ ಹಳೇ ಸೀರೆಯಲ್ಲಿ ಸುತ್ತಿದ ಬಳೆಗಳ ಡಬ್ಬಿ.

ಬೆಳಗಿನ ರೈಲಿಗೆ ಹತ್ತಿದೆವು. ಚಿಕ್ಕಜಾಜೂರು, ಹೊಸದುರ್ಗ ರೋಡ್, ಅಜ್ಜಂಪುರ, ಬೀರೂರು, ಆಮೇಲೆ ಕಡೂರು. ಕಟಾವಾದ ಮೆಕ್ಕೆಜೋಳದ ಹೊಲಗಳು ಹಿಂದೆ ಸರಿದು ತೆಂಗು ಶುರುವಾದಾಗ ಅಪ್ಪಾಜಿ ಕಿಟಕಿಯ ಪಕ್ಕ ಬಂದು ಕೂತರು. ಕಡೂರಿನಿಂದ ಬಸ್ಸು. ಸಖರಾಯಪಟ್ಟಣ ದಾಟಿದ ಮೇಲೆ ಎದುರಿಗೆ ಗಿರಿಸಾಲು ನೀಲಿಯಾಗಿ ಎದ್ದು ನಿಂತಿತು. ಚಂದ್ರದ್ರೋಣ ಪರ್ವತ ಅಂತ ಹಳಬರು ಕರೆಯುವುದು ಇದನ್ನೇ.

ಚಿಕ್ಕಮಗಳೂರಿನಲ್ಲಿ ಭಾವ ಜೀಪು ತಂದು ಕಾಯುತ್ತಿದ್ದರು. ಕೈಮರ ದಾಟಿ ರಸ್ತೆ ಹಾವಿನಂತೆ ಸುತ್ತತೊಡಗಿತು. ಒಂದೊಂದು ತಿರುವಿಗೂ ಗಾಳಿ ತಣ್ಣಗಾಗುತ್ತಿತ್ತು. ದಾವಣಗೆರೆ ಇರುವುದು ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿ. ಭಾವನ ಮನೆ 1,250ರ ಮೇಲೆ, ಮೇಲಿನ ಬ್ಲಾಕು ಇನ್ನೂ ಎತ್ತರಕ್ಕೆ. ಸಾವಿರ ಮೀಟರ್ ಏರಿದರೆ ಆರೇಳು ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಇದು ಪುಸ್ತಕದಲ್ಲಿ ಓದಿದ ಲೆಕ್ಕ. ಅಪ್ಪಾಜಿ ಹೆಗಲ ಮೇಲಿನ ಟವೆಲ್ಲನ್ನು ತಲೆಗೆ ಕಟ್ಟಿಕೊಂಡಾಗ ಆ ಲೆಕ್ಕ ನನಗೆ ಕಣ್ಣಿಗೆ ಕಂಡಿತು.

ಮನೆ ಮುಟ್ಟಿದಾಗ ಸಂಜೆಯ ಬಿಸಿಲು ಸಿಲ್ವರ್ ಓಕ್ ಮರಗಳ ನೆತ್ತಿಯಲ್ಲಿ ಮಾತ್ರ ಉಳಿದಿತ್ತು. ಭಾವನ ತಾಯಿ, ನನಗೆ ಅತ್ತೆ, ಕಾಲಿಗೆ ನೀರು ಕೊಟ್ಟು, ಬೆಲ್ಲ ಹಾಕಿದ ಹಾಲಿನ ಕಾಫಿ ತಂದರು. ಕುಡಿಯುತ್ತಾ ಅಪ್ಪಾಜಿ ಮೆಚ್ಚಿಕೊಂಡು, "ತ್ವಾಟದ ಕಾಫಿ ಅಂದ್ರ ತ್ವಾಟದ ಕಾಫಿನೇ ಬಿಡ್ರಿ ಅಕ್ಕಾರೆ" ಅಂದರು. ಅತ್ತೆ ತಲೆಯಾಡಿಸಿದರು. "ಒಳ್ಳೇದು ಹೋಗ್ತದೆ ಅಣ್ಣಾರೆ. ಇದು ಹೆಕ್ಕಿದ್ದು." ಗಿಡದ ಬುಡದಲ್ಲಿ ಉದುರಿದ್ದು, ಒಡೆದದ್ದು, ಕಪ್ಪಾದದ್ದು, ತೇಲಿದ್ದು ಇವೆಲ್ಲ ಮನೆಯ ಡಬ್ಬಿಗೆ. ಮದುವೆಯಾಗಿ ಬಂದಾಗಿನಿಂದ ಅವರು ಕುಡಿದದ್ದು ಇದನ್ನೇ.

ಆ ಮಾತು ನನ್ನನ್ನು ಬಹಳ ಹೊತ್ತು ಬಿಡಲಿಲ್ಲ. ರಾತ್ರಿ ಊಟಕ್ಕೆ ಅಕ್ಕಿ ರೊಟ್ಟಿ, ಜೀರಿಗೆ ಮೆಣಸಿನ ಚಟ್ನಿ. ಒಲೆಯ ಮುಂದೆ ಕೂತು ಅತ್ತೆ ಹಳೆಯ ಕಾಲ ಹೇಳಿದರು. 1942ರ ಕಾಫಿ ಕಾಯಿದೆಯ ಪ್ರಕಾರ ಬೆಳೆದ ಕಾಫಿಯೆಲ್ಲ, ಎಲ್ಲರದನ್ನೂ ಒಟ್ಟುಗೂಡಿಸಿ ಮಾರುತ್ತಿದ್ದ ಕಾಫಿ ಮಂಡಳಿಯ ಪೂಲ್‌ಗೆ ಹೋಗಬೇಕಿತ್ತು. ಮನೆ ಖರ್ಚಿಗೆಂದು ಒಂದಿಷ್ಟು ಇಟ್ಟುಕೊಳ್ಳಬಹುದಿತ್ತು, ಅಷ್ಟೆ. ಗುಡ್ಡದ ತುದಿಯ ಕಾಫಿ, ತಗ್ಗಿನ ಕಾಫಿ ಎಲ್ಲ ದರ್ಜೆಯ ಹೆಸರಿನಲ್ಲಿ ಒಂದೇ ರಾಶಿ. ಹಣ ಕಂತುಕಂತಾಗಿ ಬರುತ್ತಿತ್ತು. ಬೆಲೆ ನೆಲ ಕಚ್ಚಿದಾಗ ಆ ಪೂಲ್ ಸಣ್ಣವರನ್ನು ಕಾಪಾಡಿದ್ದೂ ನಿಜ, ಅದನ್ನು ಅತ್ತೆ ಮರೆಯದೆ ಹೇಳಿದರು. 1990ರ ದಶಕದಲ್ಲಿ ಹಂತಹಂತವಾಗಿ ಸಡಿಲವಾಗಿ, 1996ರಲ್ಲಿ ಬೆಳೆಗಾರರು ಪೂರ್ತಿ ತಮ್ಮಿಷ್ಟದಂತೆ ಮಾರುವ ಹಾಗಾಯಿತು. ಆದರೂ ಈ ಮನೆಯಲ್ಲಿ ಯಾರೂ ತಮ್ಮ ಕಾಫಿಯ ರುಚಿ ನೋಡಿರಲಿಲ್ಲ. ನೋಡಬೇಕು ಅಂತ ಯಾರಿಗೂ ಹೊಳೆದಿರಲಿಲ್ಲ. ಮಾವನವರು ತೀರಿಕೊಂಡ ಮೇಲೆ ತೋಟಕ್ಕೆ ಇಳಿದ ಭಾವ, ಅಕ್ಕ ಇಬ್ಬರೂ ಮೇಲಿನ ಬ್ಲಾಕನ್ನು ಬೇರೆಯಾಗಿ ಕೊಯ್ದು, ಬೇರೆಯಾಗಿ ಒಣಗಿಸಿ, ರುಚಿಗೆ ಅಂಕ ಕೊಟ್ಟು ಮಾರುವ ಸ್ಪೆಷಾಲಿಟಿ ಕಾಫಿಯಾಗಿ ಕೊಡಲು ಶುರುಮಾಡಿ ಇದು ನಾಲ್ಕನೇ ಕೊಯ್ಲು.

ಎರಡನೇ ದಿನ

ಬೆಳಗ್ಗೆ ಎಂಟಕ್ಕೆ ಆಳುಗಳು ಮನೆ ಮುಂದೆ ಸೇರಿದರು. ಹೆಚ್ಚಿನವರು ಹೆಂಗಸರು. ಅಕ್ಕ ಬಳೆ ಡಬ್ಬಿ ತೆರೆದು, ಒಬ್ಬೊಬ್ಬರ ಎಡಗೈಗೆ ಎರಡೆರಡು ಕಡುಗೆಂಪು ಬಳೆ ತೊಡಿಸಿದಳು. ಆಗ ಗೊತ್ತಾಯಿತು. ಕೊಯ್ಯಬೇಕಾದ ಹಣ್ಣಿನ ಬಣ್ಣ ಅದು. ಸಂಶಯ ಬಂದರೆ ಹಣ್ಣನ್ನು ಬಳೆಯ ಪಕ್ಕ ಹಿಡಿಯುವುದು. ಬಳೆಗಿಂತ ತಿಳಿಯಾಗಿದ್ದರೆ ಗಿಡದಲ್ಲೇ ಬಿಡುವುದು, ಹೊಂದಿಕೆಯಾದರೆ ಬುಟ್ಟಿಗೆ ಹಾಕುವುದು. ಬೇರೆ ಕಡೆ ಬಣ್ಣದ ಪಟ್ಟಿ ಕಟ್ಟುತ್ತಾರಂತೆ. ನಮ್ಮ ಹೆಂಗಸರ ಕೈಗೆ ಬಳೆಗಿಂತ ಒಪ್ಪುವುದು ಯಾವುದಿದೆ?

ಮೇಲಿನ ಬ್ಲಾಕಿಗೆ ಏರುವ ದಾರಿಯಲ್ಲಿ ಅಪ್ಪಾಜಿ ಎರಡು ಸಲ ನಿಂತು ಉಸಿರು ತೆಗೆದುಕೊಂಡರು. ಭಾವ ಅವರಿಗಾಗಿ ನಿಧಾನವಾಗಿ ನಡೆಯುತ್ತಾ ಗಿಡಗಳನ್ನು ಪರಿಚಯ ಮಾಡಿಸಿದರು. ಹೆಚ್ಚಿನವು ಎಸ್ 795. 1940ರ ದಶಕದಲ್ಲಿ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದಿಂದ ಬಂದ ತಳಿ, ಎಸ್ 288 ಎಂಬ ತಳಿಗೆ ಕೆಂಟ್ಸ್ ಎಂಬ ಇನ್ನೊಂದನ್ನು ಕೂಡಿಸಿದ್ದು. ಆ ಕೇಂದ್ರ ಶುರುವಾದದ್ದು 1925ರಲ್ಲಿ, ಎಲೆತುಕ್ಕು ರೋಗದಿಂದ ತೋಟಗಳು ತತ್ತರಿಸಿದ್ದ ಕಾಲದಲ್ಲಿ. ಅಂಚಿನಲ್ಲಿ ಒಂದಿಷ್ಟು ಸೆಲೆಕ್ಷನ್ 9, ಅದರ ಮೈಯಲ್ಲಿ ಇಥಿಯೋಪಿಯಾದ ತಳಿಯ ರಕ್ತವಿದೆ. ಮೇಲೆ ನೆರಳಿಗೆ ಹಲಸು, ಅತ್ತಿ, ಹಾಲುವಾಣ, ಸಿಲ್ವರ್. ಸಿಲ್ವರ್ ಮರಕ್ಕೆ ಮೆಣಸಿನ ಬಳ್ಳಿ.

ಒಂದು ಕಡೆ ಬೇರುಸಹಿತ ಕಿತ್ತ ಗಿಡಗಳು ಸುಡಲು ರಾಶಿ ಬಿದ್ದಿದ್ದವು. ಬಿಳಿ ಕಾಂಡಕೊರಕ. ಭಾವ ಒಂದು ಕಾಂಡವನ್ನು ಕತ್ತಿಯಿಂದ ಸೀಳಿ ತೋರಿಸಿದರು. ಒಳಗೆ ಹುಡಿ ತುಂಬಿದ ಸುರಂಗ. ಇಲ್ಲಿ ಬೆಳೆಯುವ ಅರೇಬಿಕಾ ಜಾತಿಯ ಕಾಫಿಗೆ ಇದಕ್ಕಿಂತ ದೊಡ್ಡ ಶತ್ರುವಿಲ್ಲ. ಬಿಸಿಲು ಬೀಳುವ ಕಾಂಡದ ತೊಗಟೆಯ ಬಿರುಕಿನಲ್ಲಿ ದುಂಬಿ ಮೊಟ್ಟೆಯಿಡುತ್ತದೆ, ಹುಳು ಒಳಗೆ ಕೊರೆದುಕೊಂಡು ಹೋಗುತ್ತದೆ. ಅದು ಹೊಕ್ಕ ಗಿಡವನ್ನು ಹುಡುಕಿ ಕಿತ್ತು ಸುಡದಿದ್ದರೆ ಪಕ್ಕದ್ದೂ ಹೋಗುತ್ತದೆ. ಹಿಂದೊಮ್ಮೆ ಇಳುವರಿ ಹೆಚ್ಚಲೆಂದು ಮರಗಸಿ, ಅಂದರೆ ನೆರಳುಮರಗಳ ಕೊಂಬೆ ಸವರುವುದನ್ನು, ಸ್ವಲ್ಪ ಜೋರಾಗಿಯೇ ಮಾಡಿಸಿ ನೆರಳು ತೆಳುವಾಯಿತಂತೆ. ಎರಡು ವರ್ಷದಲ್ಲಿ ಆ ಇಳಿಜಾರಿನ ಕಾಲು ಭಾಗ ಗಿಡ ಹೋಯಿತು. "ಅಲ್ಲಿ ಈಗ ಹಲಸು ನೆಟ್ಟಿದೀನಿ ಮಾವ" ಎಂದು ತೋರಿಸಿದರು. ಮೊಣಕಾಲೆತ್ತರದ ಸಸಿಗಳು. ಅವು ನೆರಳು ಕೊಡುವ ಹೊತ್ತಿಗೆ ಭಾವನ ಮಗ ತೋಟ ನೋಡಿಕೊಳ್ಳುತ್ತಿರುತ್ತಾನೆ.

ಕೊಯ್ಲಿನವರಲ್ಲಿ ಜಗಳೂರು ತಾಲ್ಲೂಕಿನ ಒಬ್ಬ ಅಮ್ಮ ಸಿಕ್ಕರು. ನಮ್ಮ ಕಡೆಯವರು ಅಂದಕೂಡಲೇ ಅಪ್ಪಾಜಿಗೆ ಜೀವ ಬಂದ ಹಾಗಾಯಿತು. ಮಳೆ ಎಂಗೈತೆ, ಕೆರೆಗೆ ನೀರು ಬಂತಾ ಎಂದೆಲ್ಲ ಕೇಳಿದರು. ಆಕೆ ಎಂಟು ವರ್ಷದಿಂದ ಕೊಯ್ಲಿಗೆ ಬರುತ್ತಿದ್ದಾರೆ. ಬೇರೆ ಬ್ಲಾಕುಗಳಲ್ಲಿ ಕಿಲೋ ಲೆಕ್ಕದ ಕೂಲಿ. ತೂಕಕ್ಕೆ ಕೂಲಿ ಕೊಟ್ಟರೆ ಯಾರಾದರೂ ರೆಂಬೆಗೆ ಕೈ ಹಾಕಿ ಸರ್ರನೆ ಎಳೆಯುತ್ತಾರೆ, ಹಸಿರು ಕಾಯಿಯೂ ಹಣ್ಣೂ ಒಟ್ಟಿಗೆ ಬೀಳುತ್ತವೆ. ಅದು ಅವರ ತಪ್ಪಲ್ಲ. ಅದಕ್ಕೇ ಮೇಲಿನ ಬ್ಲಾಕಿನಲ್ಲಿ ದಿನಗೂಲಿ, ಅದೂ ಉಳಿದ ಕಡೆಗಿಂತ ಹೆಚ್ಚು. ಒಂದೇ ಗಿಡಕ್ಕೆ ಮೂರು ನಾಲ್ಕು ಸಲ ಬರಬೇಕು. "ಕಾಯಿ ಬುಟ್ಟೀಗ್ ಬಿದ್ರೆ ಕಾಪಿ ಒಗರಾಗ್ತದಂತೆ, ಅಮ್ಮಾರು ಕುಡ್ಸಿ ತೋರಿಸ್ಯಾರೆ" ಅಂದರು ಆಕೆ. ಅಕ್ಕ ಹೋದ ವರ್ಷ ಕೊಯ್ಲಿನವರಿಗೆಲ್ಲ ಎರಡು ಲೋಟದಲ್ಲಿ ಕಾಫಿ ಕೊಟ್ಟಿದ್ದಳಂತೆ: ಒಂದು ಬರೀ ಹಣ್ಣಿನದು, ಇನ್ನೊಂದು ಹಸಿಕಾಯಿ ಬೆರೆತದ್ದು. ಆಮೇಲೆ ಯಾರಿಗೂ ಮತ್ತೆ ಹೇಳಬೇಕಾಗಲಿಲ್ಲ.

ಅಪ್ಪಾಜಿ ಒಂದು ಹಣ್ಣು ಬಾಯಿಗೆ ಹಾಕಿಕೊಂಡು ಚೀಪಿದರು. "ಬೆಲ್ಲದ ನೀರು ಇದ್ದಂಗೈತಿ!" ಸಿಪ್ಪೆಯೊಳಗೆ ತೆಳ್ಳನೆ ಸಿಹಿ ಲೋಳೆ, ಅದರೊಳಗೆ ಬೆನ್ನಿಗೆ ಬೆನ್ನು ತಿರುಗಿಸಿದ ಹಾಗಲ್ಲ, ಮುಖಕ್ಕೆ ಮುಖ ಕೊಟ್ಟು ಕೂತ ಎರಡು ಬೀಜ. ಈ ಸಿಹಿಯೇ ಎತ್ತರದ ಕೊಡುಗೆ ಅಂದರು ಭಾವ. ಮಾರ್ಚ್, ಏಪ್ರಿಲ್‌ನಲ್ಲಿ ಹೂಮಳೆ ಬಿದ್ದು ಒಂದೇ ವಾರದಲ್ಲಿ ಗುಡ್ಡವೆಲ್ಲ ಮಲ್ಲಿಗೆಯಂತೆ ಅರಳುತ್ತದೆ. ತಗ್ಗಿನ ತೋಟದಲ್ಲಿ ಆ ಹೂವು ನವೆಂಬರ್, ಡಿಸೆಂಬರ್‌ಗೆಲ್ಲ ಹಣ್ಣಾಗುತ್ತದೆ. ಇಲ್ಲಿ ರಾತ್ರಿಯ ಚಳಿಗೆ ಕಾಯಿ ಅವಸರಪಡುವುದಿಲ್ಲ. ಜನವರಿ ದಾಟಿ ಫೆಬ್ರವರಿಯವರೆಗೂ ಕೆಲವು ಗಿಡದಲ್ಲೇ ಇರುತ್ತವೆ. ಬೀಜ ಗಟ್ಟಿಯಾಗುತ್ತದೆ, ಸಕ್ಕರೆ ಕೂಡುತ್ತದೆ, ಹುಳಿ ಹದವಾಗುತ್ತದೆ. ಕಾಯುವುದಕ್ಕೆ ಖರ್ಚೂ ಉಂಟು. ಹಕ್ಕಿ, ಮಂಗ, ಕಾಟಿ ಎಲ್ಲಕ್ಕೂ ಪಾಲು ಕೊಡಬೇಕು, ಹೊತ್ತಲ್ಲದ ಮಳೆಗೂ ಹೆದರಬೇಕು.

ಸಂಜೆ ಹಣ್ಣನ್ನು ನೀರಿನ ತೊಟ್ಟಿಗೆ ಸುರಿದರು. ತೇಲಿದ್ದನ್ನು ಜರಡಿಯಲ್ಲಿ ಎತ್ತಿ ಬೇರೆ ಮಾಡಿದರು. ಮುಳುಗಿದ್ದರಲ್ಲಿ ಅರ್ಧ ಪಲ್ಪರ್‌ಗೆ ಹೋಯಿತು, ಸಿಪ್ಪೆ ಒಂದು ಕಡೆ, ಜಾರುವ ಬೀಜ ಇನ್ನೊಂದು ಕಡೆ. ಬೀಜ ಲೋಳೆಯ ಸಮೇತ ರಾತ್ರಿಯಿಡೀ ತೊಟ್ಟಿಯಲ್ಲಿ ಹುಳಿಯಬೇಕು. ಉಳಿದರ್ಧ ಸಿಪ್ಪೆಯೊಂದಿಗೇ ಒಣಗುವುದಕ್ಕೆ.

ಮೂರನೇ ದಿನ

ನಸುಕಿನಲ್ಲೇ ಅಪ್ಪಾಜಿ ಎದ್ದು ತೊಟ್ಟಿಯ ಹತ್ತಿರ ನಿಂತಿದ್ದರು. ಭತ್ತ ನೆನೆಹಾಕುವವರಿಗೆ ತೊಟ್ಟಿಯ ವಾಸನೆ ತಾನಾಗಿ ಕರೆಯುತ್ತದೆ. ಭಾವ ತೋಳೇರಿಸಿ ಕೈ ಹಾಕಿ ಒಂದು ಹಿಡಿ ಬೀಜ ಹಿಸುಕಿದರು, ಇನ್ನೂ ಜಾರುತ್ತಿತ್ತು. ಚಳಿಗೆ ಹುಳಿಯುವುದೂ ನಿಧಾನ. ಮಧ್ಯಾಹ್ನದ ಮೇಲೆ ಮತ್ತೆ ಹಿಸುಕಿದಾಗ ಸಣ್ಣ ಬೆಣಚುಕಲ್ಲು ಹಿಡಿದ ಹಾಗೆ ಗರಗರ ಅಂದಿತು. ಹಾಗೆ ಅಂದರೆ ಲೋಳೆ ಕಳಚಿದೆ ಅಂತ. ಅದಕ್ಕೆ ಯಂತ್ರವಿಲ್ಲ, ಕೈಯೇ ಗತಿ. ಎರಡು ಮೂರು ನೀರಿನಲ್ಲಿ ತೊಳೆದು ಕಣಕ್ಕೆ ತಂದರು.

ಕಣ ಅತ್ತೆಯ ರಾಜ್ಯ. ಮೇಲಿನ ಬ್ಲಾಕಿನ ಕಾಫಿ ನೆಲಕ್ಕೆ ತಾಕುವ ಹಾಗಿಲ್ಲ, ಕಾಲು ಕೊಟ್ಟ ಬಲೆಯ ಮಂಚಗಳ ಮೇಲೆ ಒಣಗುತ್ತದೆ. ಗಂಟೆಗೊಮ್ಮೆ ಕೈಯಾಡಿಸಬೇಕು, ನಡುಮಧ್ಯಾಹ್ನದ ಬಿಸಿಲು ಜೋರಾದರೆ ಮುಚ್ಚಬೇಕು, ಇಬ್ಬನಿ ಬೀಳುವ ಮೊದಲು ಮತ್ತೆ ಮುಚ್ಚಬೇಕು. ಪಾರ್ಚ್‌ಮೆಂಟ್ ಅಂದರೆ ಸಿಪ್ಪೆ ತೆಗೆದು ತೊಳೆದ ಬೀಜ; ಅದು ವಾರ ಹತ್ತು ದಿನದಲ್ಲಿ ಒಣಗಿದರೆ, ಹಣ್ಣಾಗಿಯೇ ಹರಡಿದ್ದಕ್ಕೆ ಮೂರು ವಾರವೂ ಬೇಕು. ತೇವ ಶೇ 10–11ಕ್ಕೆ ಇಳಿಯುವವರೆಗೂ ಕಾಯಬೇಕು. ಅತ್ತೆ ಬೀಜವನ್ನು ಹಲ್ಲಿನಲ್ಲಿ ಕಚ್ಚಿ ಹೇಳುತ್ತಾರೆ, ಅಕ್ಕ ಮೀಟರಿನಲ್ಲಿ ಹಾಕಿ ನೋಡುತ್ತಾಳೆ. ಎರಡೂ ಹೆಚ್ಚು ಕಡಿಮೆ ಕೂಡುತ್ತವೆ. ಎರಡು ವರ್ಷದ ಹಿಂದೆ ಒಂದು ರಾತ್ರಿ ಮನೆಯಲ್ಲಿ ಯಾರಿಗೂ ತಿಳಿಯದ ಹಾಗೆ ಮಳೆ ಬಂತು. ಬೆಳಗಾಗುವಷ್ಟರಲ್ಲಿ ಮೂರು ಮಂಚದ ಹಣ್ಣು ತೊಯ್ದು, ನಾಲ್ಕನೇ ದಿನಕ್ಕೆ ಬೂಷ್ಟು ಹಿಡಿಯಿತು. ಅದನ್ನು ಹೇಳುವಾಗ ಅತ್ತೆಯ ಕೈ ತನ್ನಷ್ಟಕ್ಕೇ ಟಾರ್ಪಾಲಿನ ಅಂಚಿಗೆ ಹೋಯಿತು.

ಅಂದು ಸಂಜೆಗೆ ಮುಂಚೆ ಬಾಬಾಬುಡನ್‌ಗಿರಿಗೆ ಹೋಗಿಬಂದೆವು. ಹುಲ್ಲುಗುಡ್ಡಗಳು, ಅವುಗಳ ಮಡಿಲಲ್ಲಿ ಶೋಲಾ ಕಾಡು, ಆಚೆ ಮುಳ್ಳಯ್ಯನಗಿರಿಯ ನೆತ್ತಿ. ಹದಿನೇಳನೇ ಶತಮಾನದಲ್ಲಿ ಯೆಮೆನ್ನಿನ ಮೋಕಾದಿಂದ ಬಾಬಾಬುಡನ್ ಏಳು ಬೀಜ ತಂದು ಈ ಗುಡ್ಡದಲ್ಲಿ ಊರಿದರು ಅನ್ನುವುದು ಮನೆಮನೆಯ ಕಥೆ. ಗುಹೆಯ ಮುಂದೆ ಹಿಂದೂಗಳೂ ಮುಸ್ಲಿಮರೂ ಸಾಲುಗಟ್ಟಿ ನಿಂತಿದ್ದರು. ಅಪ್ಪಾಜಿ ಕಣ್ಣು ಮುಚ್ಚಿ ಕೈಮುಗಿದರು. 2019ರಲ್ಲಿ ಬಾಬಾಬುಡನ್‌ಗಿರಿ ಅರೇಬಿಕಾಗೆ ಭೌಗೋಳಿಕ ಗುರುತು (ಜಿಐ), ಅಂದರೆ ಈ ನೆಲದ್ದೇ ಎಂಬ ಅಧಿಕೃತ ಹೆಸರು, ಸಿಕ್ಕಿತು. ಹೆಸರು ಸಿಕ್ಕಿದ್ದು ದೊಡ್ಡದೇ. ಆದರೆ ದೇಶದ ಕಾಫಿ ಹಿಡುವಳಿಗಳಲ್ಲಿ ಬಹುಪಾಲು 10 ಹೆಕ್ಟೇರಿಗಿಂತ ಸಣ್ಣವು. ಆ ಹೆಸರಿನ ಬೆಲೆ ಅವರ ಕಣದವರೆಗೆ ಬಂದು ಮುಟ್ಟಬೇಕಾದರೆ ತಮ್ಮ ಕಾಫಿ ಹೇಗಿದೆ ಎಂದು ಅವರಿಗೇ ಗೊತ್ತಿರಬೇಕು ಅನ್ನುವುದು ನನಗೆ ಈ ಮನೆಯಲ್ಲಿ ಅರ್ಥವಾಯಿತು.

ರಾತ್ರಿ ಹುರಿಯುವ ಕೆಲಸ. ಮೊದಲ ಸುತ್ತುಗಳಲ್ಲಿ ಕೊಯ್ದು ಒಣಗಿಸಿದ ಮೂರು ಬಗೆಯ ಬೀಜ, ನೂರು ಗ್ರಾಂ ಹಿಡಿಯುವ ಸಣ್ಣ ಉರುಳೆಯಂತ್ರ. ಭಾವ ಬೆಂಕಿ ಹಚ್ಚಿ ಗಡಿಯಾರ ನೋಡುತ್ತಾ ಕೂತರು. ಹಸಿರು ಬೀಜ ಹಳದಿಯಾಯಿತು, ಹಸಿ ಹುಲ್ಲಿನ ವಾಸನೆ ಹೋಗಿ ಅವಲಕ್ಕಿ ಹುರಿದ ವಾಸನೆ ಬಂತು. ಅಪ್ಪಾಜಿ ದೂರದಲ್ಲಿ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದರು. ನಿದ್ದೆ ಬಂತೇನೋ ಎಂದುಕೊಂಡೆ.

"ಅಳಿಯಂದ್ರೆ, ಈಗ ಉರಿ ಇಳಸ್ರಿ. ಅರಳಾಕ ಬಂದೈತಿ."

ಭಾವ ತಿರುಗಿ ನೋಡುವಷ್ಟರಲ್ಲಿ ಚಿಟ್. ಮತ್ತೊಂದು ಚಿಟ್. ಆಮೇಲೆ ಸಾಲಾಗಿ ಚಿಟಚಿಟ. ಫಸ್ಟ್ ಕ್ರ್ಯಾಕ್ ಅನ್ನುತ್ತಾರೆ ಇದನ್ನು. ಸುಮಾರು 196 ಡಿಗ್ರಿಯ ಹೊತ್ತಿಗೆ ಬೀಜದೊಳಗಿನ ಹಬೆಯ ಒತ್ತಡ ತಾಳದೆ ಅದು ಸಿಡಿದು ಹಿಗ್ಗುತ್ತದೆ. ಉಪ್ಪುನೀರು ಹಿಡಿಸಿದ ಅಕ್ಕಿ ಬಿಸಿ ಮರಳಿಗೆ ಬಿದ್ದಾಗ ಆಗುವುದೂ ಅದೇ, ಅಲ್ಲಿ ಮಾತ್ರ ರೆಪ್ಪೆ ಬಡಿಯುವುದರೊಳಗೆ ಮುಗಿಯುತ್ತದೆ. ಸಿಡಿಯುವ ಮುಂಚೆ ಒಂದು ಕ್ಷಣ ಕಾಳುಗಳ ಸದ್ದು ಹಗುರಾಗುತ್ತದೆ ಅಂತ ಅಪ್ಪಾಜಿ ವಿವರಿಸಿದರು. ನಲವತ್ತು ವರ್ಷ ಭಟ್ಟಿಯ ಮುಂದೆ ಕೂತ ಕಿವಿ ಅದು. ಎರಡನೇ ಸರದಿಗೆ ಭಾವ ತಮ್ಮ ಸ್ಟೂಲು ಬಿಟ್ಟುಕೊಟ್ಟು, "ನೀವು ಹೇಳಿ ಮಾವ, ನಾನು ಉರಿ ನೋಡ್ಕೋತೀನಿ" ಅಂದರು. ಮಾವ ಅಳಿಯ ಇಷ್ಟು ಹೊತ್ತು ಒಟ್ಟಿಗೆ ಕೂತದ್ದನ್ನು ನಾನು ಕಂಡದ್ದು ಅದೇ ಮೊದಲು. ಅಕ್ಕ ಬಾಗಿಲಲ್ಲಿ ನಿಂತು ನೋಡುತ್ತಲೇ ಇದ್ದಳು.

ನಾಲ್ಕನೇ ದಿನ

ಹುರಿದದ್ದು ರಾತ್ರಿ ವಿಶ್ರಾಂತಿ ಪಡೆಯಿತು. ಬೆಳಗ್ಗೆ ಜಗಲಿಯ ಮೇಜಿನ ಮೇಲೆ ಅಕ್ಕ ಬಟ್ಟಲು ಜೋಡಿಸಿದಳು. ಒಂದೊಂದು ಬಗೆಗೂ ಐದು ಬಟ್ಟಲು, ಯಾಕೆಂದರೆ ಒಂದೇ ಒಂದು ಕೆಟ್ಟ ಬೀಜ ಸೇರಿದ್ದರೂ ಯಾವುದೋ ಒಂದು ಬಟ್ಟಲು ಅದನ್ನು ಹೇಳಿಬಿಡುತ್ತದೆ. 150 ಮಿಲಿಲೀಟರ್ ನೀರಿಗೆ 8.25 ಗ್ರಾಂ ಪುಡಿ, ನೀರು 93 ಡಿಗ್ರಿ. ನಾಲ್ಕು ನಿಮಿಷಕ್ಕೆ ಮೇಲೆ ಕಟ್ಟಿದ ಕೆನೆಯನ್ನು ಚಮಚದಲ್ಲಿ ಸರಿಸಿ ಮೂಗು ಹತ್ತಿರ ತರಬೇಕು. ಆಮೇಲೆ ಚಮಚದಿಂದ ಸೊರ್ ಎಂದು ಸದ್ದು ಮಾಡಿ ಎಳೆಯಬೇಕು, ನಾಲಿಗೆಯ ಎಲ್ಲ ಕಡೆಗೂ ಹರಡುವ ಹಾಗೆ. ನೂರಕ್ಕೆ 80 ಅಂಕ ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅದು ಸ್ಪೆಷಾಲಿಟಿ.

ಅಂಕ ಹಾಕುವ ಕಾಗದದಲ್ಲಿ ರುಚಿಗಳ ಹೆಸರುಗಳಿವೆ. ಎಷ್ಟೋ ನಾವು ಕಂಡೂ ಇಲ್ಲದ ಹಣ್ಣುಗಳು. ಅಕ್ಕ ಅದನ್ನು ಮಡಿಸಿಟ್ಟು, ನಿಮಗೆ ಏನನ್ನಿಸುತ್ತದೋ ಅದನ್ನೇ ಹೇಳಿ ಎಂದಳು. ಜಗಳೂರಿನ ಅಮ್ಮನನ್ನೂ ಕರೆಸಿದ್ದಳು. ಆಕೆ ಮೊದಲು ಸೆರಗಿನಿಂದ ಬಾಯಿ ಒರೆಸಿಕೊಂಡು, ಒಂದು ಚಮಚ ಎಳೆದು, "ಹುಣಸೆಹಣ್ಣು ಬೆಲ್ಲ ಕಲಸಿ ಕುಟ್ತೀವಲ್ಲ, ಅದು" ಅಂದರು. ತೊಳೆದ ಕಾಫಿ ಅದು. ಇನ್ನೊಂದು ನನಗೆ ಕಿತ್ತಳೆ ಸಿಪ್ಪೆ ಹಿಂಡಿದ ಹಾಗಿತ್ತು. ಹಣ್ಣಾಗಿಯೇ ಒಣಗಿಸಿದ್ದಕ್ಕೆ ಅಪ್ಪಾಜಿ ಬಹಳ ಹೊತ್ತು ಯೋಚಿಸಿ, "ಆಲೆಮನಿ. ಬೆಲ್ಲ ಇಳಿಸೋ ಹೊತ್ತು. ಪಕ್ಕದಾಗ ನೇರಳೆ ಗಿಡ ಐತಿ" ಅಂದರು. ಅಕ್ಕ ಎಲ್ಲವನ್ನೂ ಆ ಕಾಗದದ ಹಿಂಭಾಗದಲ್ಲಿ ಬರೆದುಕೊಂಡಳು. ಚಿಕೋರಿ ಬೆರೆತ, ಹಾಲು ಸಕ್ಕರೆಯ ನಮ್ಮ ಕಾಫಿಯನ್ನು ನಾನು ಬಿಟ್ಟುಕೊಡಲಾರೆ, ಅದನ್ನು ಕುಡಿದೇ ಬೆಳೆದದ್ದು. ಆದರೆ ಕಾಫಿ ಒಂದು ಹಣ್ಣು ಅನ್ನುವುದು ನನ್ನ ನಾಲಿಗೆಗೆ ತಿಳಿದದ್ದು ಆ ಜಗಲಿಯಲ್ಲಿ.

ಅತ್ತೆ ದೂರವೇ ನಿಂತಿದ್ದರು. ಹಾಲಿಲ್ಲದ ಕಾಫಿ ತನಗೆ ಸೇರುವುದಿಲ್ಲ ಎಂದು ಮೂರು ವರ್ಷದಿಂದ ತಪ್ಪಿಸಿಕೊಂಡಿದ್ದರಂತೆ. ಅಪ್ಪಾಜಿ ತಾವೇ ಒಂದು ಬಟ್ಟಲು ತೆಗೆದುಕೊಂಡು ಹೋಗಿ, "ನಿಮ್ಮ ಕಣದ್ದು ಅಕ್ಕಾರೆ, ಒಂದು ಗುಟುಕು" ಅಂದರು. ಬೀಗರ ಮಾತು ತೆಗೆಯಲಾರದೆ ಅತ್ತೆ ಕುಡಿದರು. ಏನೂ ಹೇಳಲಿಲ್ಲ. ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಮೇಲಿನ ಬ್ಲಾಕಿನ ಕಡೆ ನೋಡುತ್ತಾ ಪೂರ್ತಿ ಮುಗಿಸಿದರು. ಹೊರಡುವ ಮುಂಚೆ ನಾನು ಅಡುಗೆಮನೆಗೆ ಹೋದಾಗ, ಹೆಕ್ಕಿದ ಕಾಫಿಯ ಡಬ್ಬಿಯ ಪಕ್ಕದಲ್ಲಿ ಹೊಸದೊಂದು ಸಣ್ಣ ಡಬ್ಬಿ ಬಂದು ಕೂತಿತ್ತು.

ವಾಪಸಿನ ದಾರಿ ಬಂದ ದಾರಿಯೇ. ಮಂಡಕ್ಕಿ ಚೀಲದ ಜಾಗದಲ್ಲಿ ಎರಡು ಪೊಟ್ಟಣ ಕಾಫಿ ಬೀಜ. ಅಪ್ಪಾಜಿ ರೈಲಿನಲ್ಲಿ ಅದನ್ನು ಮೇಲಿಡಲು ಬಿಡಲಿಲ್ಲ, ತೊಡೆಯ ಮೇಲೆ ಇಟ್ಟುಕೊಂಡೇ ಬಂದರು.

ಮರುದಿನ, ಭಟ್ಟಿಯಲ್ಲಿ

ಬೆಳಗಿನ ಜಾವ ಭಟ್ಟಿಗೆ ಹೋದಾಗ ಅಪ್ಪಾಜಿ ಆಗಲೇ ಬೀಜ ಕುಟ್ಟಿ, ಬಟ್ಟೆಯಲ್ಲಿ ಸೋಸಿ, ಹಾಲಿಲ್ಲದ ಕಾಫಿಯನ್ನು ಸ್ಟೀಲ್ ಲೋಟಗಳಿಗೆ ಹಾಕುತ್ತಿದ್ದರು. ಮರಳು ಕಾಯಿಸುತ್ತಿದ್ದ ನಮ್ಮ ಹಳೆಯ ಆಳಿಗೆ ಮೊದಲ ಲೋಟ ಕೊಟ್ಟರು. ಅವನು ಬಗ್ಗಿ ನೋಡಿ, "ಹಾಲು?" ಅಂದ.

"ಮೊದ್ಲು ಹಂಗ ಕುಡಿ. ಕುಡ್ದು ಏನಿದ್ದಂಗೈತಿ ಹೇಳು."

ಅವನು ಒಂದು ಗುಟುಕು ತೆಗೆದುಕೊಂಡು ಬಾಣಲೆಯ ಕಡೆ ನೋಡುತ್ತಾ ಯೋಚಿಸತೊಡಗಿದ. ಅಪ್ಪಾಜಿ ಲೆಕ್ಕದ ಪುಸ್ತಕದ ಹಿಂಭಾಗದ ಹಾಳೆ ತೆರೆದು, ನನ್ನ ಕೈಗೆ ಪೆನ್ನು ಕೊಟ್ಟರು.